ಪಾಠದಿಂದ ಹುಟ್ಟಿದ ಪ್ರಮೇಯ

ಹೂವಿನ ಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಿ. ಆರ್. ರಾವ್ ಕಲ್ಕತ್ತಾ ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರ ಪಾಠ ಮಾಡುತ್ತಿದ್ದಾಗ ವಿ. ಎಂ. ದಾಂಡೇಕರ್ ಎಂಬ ವಿದ್ಯಾರ್ಥಿ ಎದ್ದು ಕೇಳಿದರು: ಅಂದಾಜಿನ ವೇರಿಯನ್ಸ್ ಬಗ್ಗೆ ಸಂಖ್ಯಾಶಾಸ್ತ್ರಜ್ಞ ಫಿಶರ್ ದೊಡ್ಡ ಸ್ಯಾಂಪಲ್‌ಗೆ ಹೇಳಿದ ಮಾತು ಸಣ್ಣ ಸ್ಯಾಂಪಲ್‌ಗೂ ನಿಲ್ಲುತ್ತದೆಯೇ? ರಾವ್ ಆ ರಾತ್ರಿಯೇ ಕೂತು ಉತ್ತರ ಕಂಡುಕೊಂಡರು. ಅದು 1945ರಲ್ಲಿ ಕಲ್ಕತ್ತಾ ಮ್ಯಾಥಮ್ಯಾಟಿಕಲ್ ಸೊಸೈಟಿಯ ಬುಲೆಟಿನ್‌ನಲ್ಲಿ ಅಚ್ಚಾಯಿತು. ಕೆಲವು ನಿಬಂಧನೆಗಳಡಿ ಪಕ್ಷಪಾತವಿಲ್ಲದ ಯಾವ ಅಂದಾಜಿನ ವೇರಿಯನ್ಸೂ ಒಂದು ಮಟ್ಟಕ್ಕಿಂತ ಕೆಳಗಿಳಿಯದು ಎನ್ನುವ ಕ್ರಾಮರ್–ರಾವ್ ಮಿತಿ ಇದೇ.

ಪಾಠ ಸಂಶೋಧನೆಗೆ ಹೊರೆ ಎನ್ನುವವರಿಗೆ ಈ ಪ್ರಸಂಗವೇ ಉತ್ತರ. ಬೇಸರವೆಂದರೆ, ಪ್ರಶ್ನೆಯಿಂದ ಹುಟ್ಟಿದ ಈ ಪ್ರಮೇಯವನ್ನೇ ನಾವು ಪ್ರಶ್ನೆಗೆ ಎಡೆಯಿಲ್ಲದಂತೆ ಕಲಿಸುತ್ತೇವೆ. ಹೇಳಿಕೆ, ನಿಬಂಧನೆಗಳ ಪಟ್ಟಿ, ಸಾಧನೆ, ಎರಡು ಲೆಕ್ಕ. ಅಲ್ಲಿಗೆ ಅಧ್ಯಾಯ ಮುಗಿಯಿತು. ಆ ನಿಬಂಧನೆಗಳು ಯಾಕೆ ಬೇಕು? ಸೊನ್ನೆಯಿಂದ ಥೀಟಾ ಎಂಬ ಅಜ್ಞಾತ ಬೆಲೆಯವರೆಗಿನ ಯೂನಿಫಾರ್ಮ್ ವಿತರಣೆಯನ್ನು ನೋಡಿ. ಸ್ಯಾಂಪಲ್‌ನ ಗರಿಷ್ಠ ಬೆಲೆಯನ್ನು ತಿದ್ದಿ ಪಡೆದ ಅಂದಾಜಿನ ವೇರಿಯನ್ಸ್ ಸ್ಯಾಂಪಲ್ ಗಾತ್ರದ ವರ್ಗಕ್ಕೆ ವಿಲೋಮವಾಗಿ ಕುಗ್ಗುತ್ತ ಹೋಗುತ್ತದೆ. ಮಿತಿಯ ಸೂತ್ರ ಅಲ್ಲಿ ಅನ್ವಯಿಸುವುದೇ ಇಲ್ಲ. ವಿತರಣೆಯ ಅಂಚೇ ಥೀಟಾವನ್ನು ಅವಲಂಬಿಸಿರುವುದು ಇದಕ್ಕೆ ಕಾರಣ. ಈ ಒಂದು ಉದಾಹರಣೆಯನ್ನು ಕೈಯಾರೆ ಬಿಡಿಸಿದವನಿಗೆ ನಿಬಂಧನೆಗಳನ್ನು ಬಾಯಿಪಾಠ ಮಾಡುವ ಅಗತ್ಯವಿಲ್ಲ.

ಅನ್ವಯಿಕ ಗಣಿತದಲ್ಲಿ ಸಂಶೋಧನೆ ಮಾಡುವ ಅಧ್ಯಾಪಕರ ಬಲ ಇಂಥ ಉದಾಹರಣೆಗಳಲ್ಲೇ ಇದೆ. ಜನರನ್ನು ಸೋಂಕು ತಗುಲಬಹುದಾದವರು, ಸೋಂಕಿತರು, ಗುಣವಾದವರು ಎಂದು ವಿಂಗಡಿಸುವ, ಸಾಂಕ್ರಾಮಿಕ ರೋಗದ ಎಸ್‌ಐಆರ್ ಮಾದರಿಯನ್ನು ತೆಗೆದುಕೊಳ್ಳಿ. ಆರಂಭದ ದಿನಗಳಲ್ಲಿ ಸೋಂಕು ಏರುವ ವೇಗ, ಹರಡುವ ದರದಿಂದ ಗುಣವಾಗುವ ದರವನ್ನು ಕಳೆದಷ್ಟು. ಆಗಿನ ಪ್ರಕರಣಗಳ ಎಣಿಕೆಯೊಂದರಿಂದಲೇ ಎರಡು ದರಗಳನ್ನೂ ಬೇರೆಬೇರೆಯಾಗಿ ತಿಳಿಯಲು ಹೊರಟರೆ ಕ್ರಾಮರ್–ರಾವ್ ಮಿತಿಯ ಮೂಲವಾದ ಫಿಶರ್ ಮಾಹಿತಿಯ ಮ್ಯಾಟ್ರಿಕ್ಸ್ ವಿಲೋಮವಿಲ್ಲದೆ ಕೈಕೊಡುತ್ತದೆ. ಸಮೀಕರಣ ಸರಿಯಿದ್ದರೂ ದತ್ತಾಂಶ ಉತ್ತರ ಕೊಡಲಾರದು ಎಂಬ ಈ ಅರಿವು ಮಾದರಿಗಳ ಜೊತೆ ಗುದ್ದಾಡಿದವರಿಗೆ ಸಹಜವಾಗಿ ಬರುತ್ತದೆ.

ಹಾಗೆಂದು ಸಂಶೋಧಕರೆಲ್ಲ ಒಳ್ಳೆಯ ಮೇಷ್ಟ್ರಲ್ಲ. ತಮ್ಮ ಪ್ರಬಂಧವನ್ನೇ ಪಾಠವಾಗಿಸುವವರು ಮೊದಲ ಬಾರಿ ಪ್ರಾಬಬಿಲಿಟಿ ಕಲಿಯುವವರನ್ನು ಹಿಂದೆ ಬಿಟ್ಟು ಹೋಗುತ್ತಾರೆ. ಬಡ್ತಿಗೆ ಪ್ರಬಂಧಗಳನ್ನಷ್ಟೇ ಎಣಿಸಿದರೆ, ವಿದ್ಯಾರ್ಥಿಯ ತಪ್ಪು ಲೆಕ್ಕದ ಮುಂದೆ ಅರ್ಧ ಗಂಟೆ ಕೂರುವ ವ್ಯವಧಾನ ಯಾರಿಗೂ ಉಳಿಯದು.

ಬದಲಾವಣೆ ಪ್ರಶ್ನೆಪತ್ರಿಕೆಯಿಂದ ಶುರುವಾಗಲಿ. ಪ್ರಮೇಯವನ್ನು ಸಾಧಿಸಿ ಎನ್ನುವುದರ ಜೊತೆಗೆ, ಈ ದತ್ತಾಂಶದಿಂದ ಏನನ್ನು ತಿಳಿಯಲಾಗದು, ಯಾಕೆ ಎಂದೂ ಕೇಳಬೇಕು. ಅಂಥ ಪ್ರಶ್ನೆ ಹಾಕಲು ಅಧ್ಯಾಪಕರು ಸಂಶೋಧನೆಯ ಮಿತಿಯನ್ನು ಸ್ವತಃ ಮುಟ್ಟಿರಬೇಕು. ಆದ್ದರಿಂದಲೇ ಪಾಠ ಮತ್ತು ಸಂಶೋಧನೆಯನ್ನು ಬೇರ್ಪಡಿಸಬಾರದು.