ಜುರ್ಮಾನೆಯೋ, ಜುಲ್ಮಾನೆಯೋ?

ಉರ್ದು ಶಾಲೆಯಲ್ಲಿ ನಾನು ಕಲಿತ ಮಾತು ಜುರ್ಮಾನಾ. ಜುರ್ಮ್ ಎಂದರೆ ಅಪರಾಧ, ಅದಕ್ಕೆ ತೆರಬೇಕಾದ ಹಣ ಜುರ್ಮಾನಾ. ಮುಂದೆ ಕನ್ನಡ ಓದಲು ಕುಳಿತಾಗ ಅದೇ ಮಾತು ಜುಲ್ಮಾನೆ ಎಂಬ ರೂಪದಲ್ಲಿ ಎದುರಾಯಿತು. ಉಚ್ಚಾರ ಕೆಟ್ಟಿದೆ ಎಂದು ಒಳಗೊಳಗೇ ನಕ್ಕಿದ್ದೆ. ಏಕೆಂದರೆ ಜುಲ್ಮ್ ಎಂದರೆ ಅಪರಾಧವಲ್ಲ, ದಬ್ಬಾಳಿಕೆ. ಆದರೆ ಸಂತೆಯಲ್ಲಿ, ಚಾವಡಿಯಲ್ಲಿ ದಂಡ ಕಟ್ಟಿ ಕಟ್ಟಿ ಸೋತ ಜನರ ನಾಲಿಗೆ ಆ ಒಂದು ಅಕ್ಷರವನ್ನು ಸುಮ್ಮನೆ ಬದಲಿಸಿತೇ ಎಂಬ ಅನುಮಾನ ಈಗ ಕಾಡುತ್ತಿದೆ. ಅದಕ್ಕೆ ಕಾರಣ ಅಮೆರಿಕದ ಒಂದು ಸರ್ಕಾರಿ ವರದಿ.

ಮಿಸ್ಸೂರಿ ರಾಜ್ಯದ ಸೇಂಟ್ ಲೂಯಿಸ್ ನಗರದ ಮಗ್ಗುಲಲ್ಲಿ ಫರ್ಗ್ಯುಸನ್ ಎಂಬ ಪುಟ್ಟ ಊರಿದೆ. ವರದಿಯ ಕಾಲಕ್ಕೆ ಅದರ ಜನಸಂಖ್ಯೆ ಸುಮಾರು 21 ಸಾವಿರ. ಅದರಲ್ಲಿ ನೂರಕ್ಕೆ 67 ಮಂದಿ ಕಪ್ಪು ಜನ. 2014ರ ಆಗಸ್ಟ್ 9ರಂದು ಅಲ್ಲಿ ಮೈಕಲ್ ಬ್ರೌನ್ ಎಂಬ ಹದಿನೆಂಟರ ಹುಡುಗ ಪೊಲೀಸನ ಗುಂಡಿಗೆ ಬಲಿಯಾದ. ಊರು ಹೊತ್ತಿ ಉರಿಯಿತು. ಅಮೆರಿಕದ ನ್ಯಾಯ ಇಲಾಖೆ 2015ರ ಮಾರ್ಚ್ 4ರಂದು ಒಂದೇ ದಿನ ಎರಡು ವರದಿಗಳನ್ನು ಹೊರಡಿಸಿತು. ಮೊದಲನೆಯದು ಗುಂಡು ಹಾರಿಸಿದವನ ಬಗ್ಗೆ. ಅವನ ಮೇಲೆ ಮೊಕದ್ದಮೆ ಹೂಡಲು ಬೇಕಾದಷ್ಟು ಸಾಕ್ಷ್ಯವಿಲ್ಲ ಎಂದು ಅದು ಹೇಳಿತು. ಎರಡನೆಯದು ಆ ಊರಿನ ಪೊಲೀಸ್ ಇಲಾಖೆಯ ಬಗ್ಗೆ. ನೂರು ಪುಟ ದಾಟುವ ಈ ಎರಡನೆಯ ವರದಿಯನ್ನು ಕತೆಗಾರನೊಬ್ಬ ಓದಿದರೆ ಏನು ಕಂಡೀತು ಎಂಬುದಷ್ಟೇ ನನ್ನ ಈ ಬರಹ.

ಮೊದಲು ಒಂದು ಮಾತು ತಿಳಿಯಬೇಕು. ನಮ್ಮಲ್ಲಿ ಪೊಲೀಸರು ರಾಜ್ಯ ಸರ್ಕಾರದ ಅಧೀನ. ನಮ್ಮ ಪುರಸಭೆಯ ಸದಸ್ಯ ಚರಂಡಿ, ಬೀದಿ ದೀಪದ ಬಗ್ಗೆ ಕೂಗಾಡಬಹುದೇ ಹೊರತು ಠಾಣೆಯ ಲೆಕ್ಕ ಕೇಳುವ ಹಕ್ಕು ಅವನಿಗಿಲ್ಲ. ಅಲ್ಲಿ ಹಾಗಲ್ಲ. ಫರ್ಗ್ಯುಸನ್ನಿನ ಪೊಲೀಸ್ ಇಲಾಖೆ ನಗರಸಭೆಯದೇ. ಜನ ಆರಿಸಿದ ಮೇಯರ್ ಮತ್ತು ಸದಸ್ಯರು, ಅವರು ನೇಮಿಸುವ ನಗರ ವ್ಯವಸ್ಥಾಪಕ, ಅವನ ಕೈಕೆಳಗೆ ಪೊಲೀಸ್ ಮುಖ್ಯಸ್ಥ. ಜನರ ಕೈಯಲ್ಲೇ ಪೊಲೀಸರ ಲಗಾಮು! ಕೇಳುವುದಕ್ಕೆ ಎಷ್ಟು ಚೆಂದ. ನಮ್ಮಲ್ಲೂ ಹೀಗಿದ್ದರೆ ಎಂದು ಯಾರಾದರೂ ಆಸೆಪಟ್ಟಾರು. ಅಂಥವರು ಈ ವರದಿಯನ್ನು ಓದಲೇಬೇಕು.

ಏಕೆಂದರೆ ಅಲ್ಲಿ ಉಸ್ತುವಾರಿ ಇರಲಿಲ್ಲವೆಂದಲ್ಲ, ಧಾರಾಳವಾಗಿಯೇ ಇತ್ತು. ಆದರೆ ಅದರ ಕಣ್ಣು ಇದ್ದದ್ದು ಹುಂಡಿಯ ಮೇಲೆ.

2010ರ ಆರ್ಥಿಕ ವರ್ಷದಲ್ಲಿ ನಗರದ ಸಾಮಾನ್ಯ ನಿಧಿಗೆ ಬಂದದ್ದು ಸುಮಾರು 1.1 ಕೋಟಿ ಡಾಲರು. ಅದರಲ್ಲಿ ದಂಡ ಮತ್ತು ಶುಲ್ಕಗಳ ಪಾಲು ಸುಮಾರು 13.8 ಲಕ್ಷ. 2015ರ ಬಜೆಟ್ಟಿನ ಹೊತ್ತಿಗೆ ನಗರ ದಂಡದಿಂದಲೇ ನಿರೀಕ್ಷಿಸಿದ್ದು ಸುಮಾರು 30.9 ಲಕ್ಷ. ಅಂದರೆ ನಿಧಿಯ ಐದನೆಯ ಒಂದು ಪಾಲಿಗೂ ಹೆಚ್ಚು. ಯೋಚಿಸಿ ನೋಡಿ, ಜನ ಮುಂದಿನ ವರ್ಷ ಇಷ್ಟು ತಪ್ಪು ಮಾಡಲೇಬೇಕು ಎಂದು ಬಜೆಟ್ಟಿನಲ್ಲೇ ಬರೆದಿಟ್ಟ ಹಾಗೆ. ಮಾರಾಟ ತೆರಿಗೆ ಕಡಿಮೆಯಾಗುತ್ತಿದೆ, ವರ್ಷ ಮುಗಿಯುವುದರೊಳಗೆ ದಂಡದ ಚೀಟಿಗಳು ಹೆಚ್ಚಬೇಕು ಎಂದು 2010ರಲ್ಲಿ ನಗರದ ಹಣಕಾಸು ಅಧಿಕಾರಿ ಪೊಲೀಸ್ ಮುಖ್ಯಸ್ಥನಿಗೆ ಬರೆದ. ಮರುವರ್ಷ ಒಂದು ತಿಂಗಳ ವಸೂಲಿ ನಾಲ್ಕು ವರ್ಷಗಳ ದಾಖಲೆ ಮುರಿದಾಗ ಮುಖ್ಯಸ್ಥ ಅದನ್ನು ವ್ಯವಸ್ಥಾಪಕನಿಗೆ ತಿಳಿಸಿದ. ಬಂದ ಉತ್ತರ ಒಂದೇ ಒಂದು ಶಭಾಷ್. ಊರಿನ ನ್ಯಾಯಾಲಯವೂ ಠಾಣೆಯ ಕಟ್ಟಡದಲ್ಲೇ, ಪೊಲೀಸ್ ಮುಖ್ಯಸ್ಥನ ಉಸ್ತುವಾರಿಯಲ್ಲೇ ಇತ್ತು. ಹಿಡಿಯುವವನು, ತೀರ್ಪು ಕೊಡುವವನು, ಎಣಿಸುವವನು ಎಲ್ಲರೂ ಒಂದೇ ಸೂರಿನಡಿ.

ಈ ಹಣ ಬಂದದ್ದು ಯಾರ ಜೇಬಿನಿಂದ? 2012ರಿಂದ 2014ರವರೆಗೆ ಪೊಲೀಸರು ತಡೆದ ವಾಹನಗಳಲ್ಲಿ ನೂರಕ್ಕೆ 85 ಕಪ್ಪು ಜನರವು. ದಂಡದ ಚೀಟಿಗಳಲ್ಲಿ 90, ಬಂಧನಗಳಲ್ಲಿ 93. ರಸ್ತೆಯಲ್ಲಿ ನಡೆದ ರೀತಿ ಸರಿಯಿಲ್ಲ ಎಂಬುದೂ ಅಲ್ಲೊಂದು ಅಪರಾಧ, ಅದರಲ್ಲಿ 95. ತನಿಖೆಯ ಹೊತ್ತಿಗೆ 54 ಪೊಲೀಸ್ ಅಧಿಕಾರಿಗಳಲ್ಲಿ ಕಪ್ಪು ಜನ ನಾಲ್ವರು ಮಾತ್ರ.

ಅಂಕಿಗಳ ನಡುವೆ ಒಬ್ಬ ಹೆಂಗಸಿದ್ದಾಳೆ. 2007ರಲ್ಲಿ ಆಕೆ ನಿಲ್ಲಿಸಬಾರದ ಕಡೆ ಕಾರು ನಿಲ್ಲಿಸಿದಳು. ಎರಡು ಚೀಟಿ, 151 ಡಾಲರು ದಂಡ, ಮೇಲೆ ಶುಲ್ಕ. ಕೈಯಲ್ಲಿ ಕಾಸಿಲ್ಲ, ಕೆಲವೊಮ್ಮೆ ತಲೆಯ ಮೇಲೆ ಸೂರೂ ಇಲ್ಲ. ತಾರೀಖು ತಪ್ಪಿದಾಗೆಲ್ಲ ಹೊಸ ದಂಡ, ಹೊಸ ವಾರಂಟು. ಒಮ್ಮೆ 25 ಡಾಲರು, ಇನ್ನೊಮ್ಮೆ 50 ಡಾಲರು ಕಟ್ಟಲು ಹೋದಳು. ಪೂರ್ತಿ ಕೊಡದಿದ್ದರೆ ಬೇಡವೆಂದು ನ್ಯಾಯಾಲಯ ಹಿಂದಿರುಗಿಸಿತು. ಆರು ದಿನ ಜೈಲಿನಲ್ಲಿದ್ದಳು. 2014ರ ಡಿಸೆಂಬರಿನ ಹೊತ್ತಿಗೆ ಒಟ್ಟು 550 ಡಾಲರು ಕಟ್ಟಿದ್ದಳು. ಆಗಲೂ ಉಳಿದ ಬಾಕಿ 541! ಹೀಗೆ 2013 ಒಂದೇ ವರ್ಷದಲ್ಲಿ ಆ ಪುಟ್ಟ ಊರಿನ ನ್ಯಾಯಾಲಯ ಹೊರಡಿಸಿದ ವಾರಂಟುಗಳು ಒಂಬತ್ತು ಸಾವಿರಕ್ಕೂ ಹೆಚ್ಚು.

ವರದಿಯ ಬಲ ಇರುವುದು ಇಲ್ಲಿ. ಅದು ಬೈಯುವುದಿಲ್ಲ, ವಿಶೇಷಣಗಳನ್ನು ಸುರಿಯುವುದಿಲ್ಲ. ಅಧಿಕಾರಿಗಳು ಪರಸ್ಪರ ಬರೆದುಕೊಂಡ ಓಲೆಗಳನ್ನೇ ಮುಂದಿಡುತ್ತದೆ. ನಾವು ಕತೆಗಾರರು ಖಳನಿಗೆ ಕೆಂಪು ಕಣ್ಣು, ಗಡಸು ದನಿ ಕೊಡುತ್ತೇವೆ. ಇಲ್ಲಿನ ಜನ ಸಭ್ಯರು. ಖಾಲಿಯಾಗುತ್ತಿರುವ ಖಜಾನೆಯ ಚಿಂತೆಯಲ್ಲಿರುವ, ಲೆಕ್ಕ ಚೊಕ್ಕಟವಾಗಿಡುವ ನೌಕರರು. ಆದ್ದರಿಂದಲೇ ಓದುವವನಿಗೆ ಹೆಚ್ಚು ಭಯವಾಗುತ್ತದೆ.

ಇಡೀ ವರದಿಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು 2012ರ ಒಂದು ಸಣ್ಣ ಪ್ರಸಂಗ. ಹಳೆಯ ನ್ಯಾಯಾಧೀಶನನ್ನೇ ಮುಂದುವರಿಸುವ ವಿಚಾರ ಬಂದಾಗ ಒಬ್ಬ ನಗರಸಭಾ ಸದಸ್ಯ ಬೇಡವೆಂದು ಬರೆಯುತ್ತಾನೆ. ಈ ನ್ಯಾಯಾಧೀಶ ಸಾಕ್ಷಿಗಳ ಮಾತನ್ನು ಕೇಳುವುದಿಲ್ಲ, ಆದಾಯ ಸ್ವಲ್ಪ ಕಡಿಮೆಯಾದರೂ ಚಿಂತೆಯಿಲ್ಲ, ನ್ಯಾಯ ಸರಿಯಾಗಿ ನಡೆಯಬೇಕು ಎಂಬುದು ಅವನ ವಾದ. ದಂಡದ ಆದಾಯ ಇಳಿಯುವುದನ್ನು ನಗರ ತಾಳಲಾರದು ಎಂಬುದು ವ್ಯವಸ್ಥಾಪಕನ ಉತ್ತರ. ನ್ಯಾಯಾಧೀಶ ಉಳಿದ. ಉಸ್ತುವಾರಿ ಎಂದರೆ ಆ ಸದಸ್ಯ ಕೇಳಿದ ಆ ಒಂದು ಪ್ರಶ್ನೆಯೇ. ಆದರೆ ಅವನ ಬೆನ್ನಿಗೆ ನಿಲ್ಲುವಷ್ಟು ಜನ ಸಭೆಯಲ್ಲಿರಲಿಲ್ಲ.

ನನ್ನ ತಕರಾರು ಇರುವುದೂ ಈ ಎಳೆಯ ಬಗ್ಗೆಯೇ. ಇಷ್ಟನ್ನೆಲ್ಲ ಬಿಚ್ಚಿಟ್ಟ ವರದಿ ಕೊನೆಗೆ ತನ್ನ ಶಿಫಾರಸುಗಳನ್ನು ಎರಡು ಭಾಗ ಮಾಡುತ್ತದೆ. ಒಂದು ಪೊಲೀಸರಿಗೆ, ಇನ್ನೊಂದು ನ್ಯಾಯಾಲಯಕ್ಕೆ. ಬಜೆಟ್ಟಿಗೆ ಕೈಯೆತ್ತಿ ಒಪ್ಪಿಗೆ ಕೊಟ್ಟ ನಗರಸಭೆಗೆಂದೇ ಒಂದು ಭಾಗವಿಲ್ಲ. ರೋಗವನ್ನು ಸರಿಯಾಗಿ ಗುರುತಿಸಿದ ವೈದ್ಯ ಚೀಟಿ ಬರೆಯುವಾಗ ಮುಖ್ಯ ಅಂಗವನ್ನೇ ಮರೆತ ಹಾಗಾಯಿತು.

ಆ ಮರೆವಿನ ಫಲ ಬೇಗನೇ ಕಂಡಿತು. ಆ ಮಾರ್ಚ್ ತಿಂಗಳಲ್ಲೇ ವ್ಯವಸ್ಥಾಪಕ, ಪೊಲೀಸ್ ಮುಖ್ಯಸ್ಥ, ನ್ಯಾಯಾಧೀಶ ಮೂವರೂ ಹುದ್ದೆ ಬಿಟ್ಟರು. ಏಪ್ರಿಲ್ ಚುನಾವಣೆಯಲ್ಲಿ ಮತದಾನ ಹಿಂದಿನ ವರ್ಷದ ನೂರಕ್ಕೆ ಹನ್ನೆರಡರಿಂದ ಮೂವತ್ತರ ಹತ್ತಿರಕ್ಕೇರಿತು. ಒಬ್ಬರೇ ಇದ್ದ ಕಪ್ಪು ಸದಸ್ಯರು ಮೂವರಾದರು. ಆದರೂ 2016ರ ಫೆಬ್ರವರಿ 9ರಂದು, ತಿಂಗಳುಗಟ್ಟಲೆ ಮಾತುಕತೆ ನಡೆಸಿ ರೂಪಿಸಿದ್ದ ಪೊಲೀಸ್ ಸುಧಾರಣೆಯ ಒಪ್ಪಂದ ಸಭೆಯ ಮುಂದೆ ಬಂದಾಗ, ಖರ್ಚು ಹೆಚ್ಚಾಯಿತೆಂದು ಅದನ್ನು ತಿದ್ದಿ ಕಳಿಸಿತು ಅದೇ ಹೊಸ ಸಭೆ. ಮರುದಿನವೇ ನ್ಯಾಯ ಇಲಾಖೆ ಮೊಕದ್ದಮೆ ಹೂಡಿತು. ಮಾರ್ಚ್ 15ರಂದು ಸಭೆ ಮೂಲ ಒಪ್ಪಂದಕ್ಕೇ ತಲೆಬಾಗಿತು. ಬಡ ನಗರಕ್ಕೆ ಖರ್ಚಿನ ಚಿಂತೆ ಸುಳ್ಳಲ್ಲ, ನಾನು ಅದನ್ನು ಹಳಿಯಲಾರೆ. ಆದರೆ ಕುರ್ಚಿಯಲ್ಲಿ ಕೂತ ಮುಖ ಬದಲಾದ ಮೇಲೂ ಮೇಜಿನ ಮೇಲೆ ಮೊದಲು ತೆರೆದದ್ದು ಅದೇ ಜಮಾಖರ್ಚಿನ ಪುಸ್ತಕ ಎಂಬುದನ್ನು ಮರೆಯಬಾರದು.

ನಮ್ಮವರೊಬ್ಬರು ಸಭೆಗೆ ಆಯ್ಕೆಯಾದರೆ ಎಲ್ಲ ಸರಿಹೋದೀತು ಎಂದು ನಂಬುವ ನಮ್ಮಂಥವರಿಗೆ ಇದು ಕಹಿ ಪಾಠ. ನಮ್ಮವರು ಇರಬೇಕು, ನಿಜ. ಜೊತೆಗೆ, ಎಷ್ಟು ವಸೂಲಾಯಿತು ಎಂದು ಕೇಳುವ ಮೊದಲು ಯಾರಿಂದ, ಏಕೆ, ಹೇಗೆ ವಸೂಲಾಯಿತು ಎಂದು ಅವರು ಕೇಳಬೇಕು. 25 ಡಾಲರು ಹಿಡಿದು ಬಂದು ಹಿಂದಿರುಗಿದ ಆ ಹೆಂಗಸಿನ ಪರವಾಗಿ ಫರ್ಗ್ಯುಸನ್ನಿನ ಸಭೆಯಲ್ಲಿ ಅಷ್ಟು ವರ್ಷ ಆ ಪ್ರಶ್ನೆಗೆ ಬೆಲೆ ಸಿಗಲಿಲ್ಲ. ಉರ್ದು ಶಾಲೆಯ ಹುಡುಗ ನಕ್ಕ ಆ ಕನ್ನಡ ಪದವೇ ಆಕೆಯ ಮಟ್ಟಿಗೆ ಸರಿ. ಆಕೆ ಕಟ್ಟಿದ್ದು ಜುಲ್ಮಾನೆ.