ಹಿತ್ತಲ ಕೋಳಿಯ ನುಚ್ಚಿಗೆ ಬೆರೆಸುವ ಪುಡಿಗಳು

ಪಶು ಆಹಾರದ ಅಂಗಡಿಗಳಲ್ಲಿ ಈಗ ಬೂಸ, ಹಿಂಡಿ ಮೂಟೆಗಳ ಮಗ್ಗುಲಲ್ಲೇ ಕೋಳಿ ಟಾನಿಕ್ಕುಗಳ ಸಾಲೂ ಇರುತ್ತದೆ. ಕ್ಯಾಲ್ಸಿಯಂ ದ್ರಾವಣ, ಲಿವರ್ ಟಾನಿಕ್, ವಿಟಮಿನ್ ಪುಡಿ, ಖನಿಜ ಮಿಶ್ರಣ. ದೊಡ್ಡ ಫಾರಂಗಳ ಲೆಕ್ಕಕ್ಕೆ ತಯಾರಾದ ಇವು ನಾಲ್ಕಾರು ನಾಟಿ ಕೋಳಿ, ಒಂದೆರಡು ಗಿರಿರಾಜ ಸಾಕಿಕೊಂಡ ಮನೆಗಳಿಗೂ ಹೋಗುತ್ತಿವೆ. ಬೆಳಗ್ಗೆ ನುಚ್ಚು ತೌಡು ಕಲಸುವಾಗ ಒಂದು ಚಮಚ ಇದು, ಅರ್ಧ ಚಮಚ ಅದು, ಮೇಲೊಂದು ಚಿಟಿಕೆ ಅರಿಸಿನ, ಜಜ್ಜಿದ ಬೆಳ್ಳುಳ್ಳಿ. ಹಾಗೆ ಬೆರೆಸುವವರಲ್ಲಿ ಇರುವುದು ಅಕ್ಕರೆಯೇ. ಆದರೆ ಎಲ್ಲ ಕೋಳಿಗೂ ಎಲ್ಲವನ್ನೂ ಒಂದೇ ಬಟ್ಟಲಲ್ಲಿ ಕಲಸಿ ಹಾಕುವ ಈ ಪದ್ಧತಿಗೆ ನನ್ನ ಒಪ್ಪಿಗೆಯಿಲ್ಲ. ಯಾವ ಕೋಳಿಗೆ ಏನು ಕಡಿಮೆಯಾಗಿದೆ ಎಂದು ನೋಡದೆ ಬೆರೆಸಿದ್ದು ಹಲವು ಸಲ ದಂಡ, ಕೆಲವು ಸಲ ಕೇಡು.

ಕ್ಯಾಲ್ಸಿಯಂನಿಂದಲೇ ನೋಡೋಣ. ಒಂದು ಮೊಟ್ಟೆಯ ಚಿಪ್ಪಿನಲ್ಲಿ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಇರುತ್ತದೆ. ತಿಂದದ್ದೆಲ್ಲ ಮೈಗೆ ಹತ್ತುವುದಿಲ್ಲವಾದ್ದರಿಂದ ಮೊಟ್ಟೆಯಿಡುವ ದಿನ ಹೇಂಟೆಗೆ ಅದರ ಎರಡು ಪಟ್ಟಿನಷ್ಟು ಬೇಕಾಗುತ್ತದೆ. ಧಾನ್ಯಗಳ ಪೈಕಿ ಕ್ಯಾಲ್ಸಿಯಂಗೆ ಹೆಸರಾದದ್ದು ನಮ್ಮ ರಾಗಿ. ಅದರಲ್ಲೂ 100 ಗ್ರಾಂಗೆ ಇರುವುದು 350 ಮಿಲಿಗ್ರಾಂ ಆಸುಪಾಸು. ದಿನವಿಡೀ ರಾಗಿಯನ್ನೇ ತಿಂದರೂ ಒಂದು ಚಿಪ್ಪಿನ ಕಾಲು ಭಾಗಕ್ಕೂ ಸಾಲದು. ಹಾಗಾಗಿ ಎಡೆಬಿಡದೆ ಮೊಟ್ಟೆಯಿಡುವ ಸುಧಾರಿತ ತಳಿಗೆ ಹೊರಗಿನಿಂದ ಕ್ಯಾಲ್ಸಿಯಂ ಬೇಕೇ ಬೇಕು. ಚಿಪ್ಪು ಗಟ್ಟಿಯಾಗದ ತೊಗಲು ಮೊಟ್ಟೆ ಪದೇ ಪದೇ ಬರುತ್ತಿದ್ದರೆ ಈ ಕೊರತೆಯನ್ನೇ ಮೊದಲು ಶಂಕಿಸಬೇಕು. ಹತ್ತು ಹನ್ನೆರಡು ಮೊಟ್ಟೆಯಿಟ್ಟು ಕಾವು ಕೂರುವ ನಾಟಿ ಹೇಂಟೆಯ ಲೆಕ್ಕ ಬೇರೆ. ಅದಕ್ಕೆ ನಡುನಡುವೆ ಬಿಡುವಿದೆ; ತಿಪ್ಪೆ ಕೆದಕಿ ಹುಳ, ಬಸವನಹುಳು, ಮಣ್ಣು ಆಯ್ದು ತನ್ನ ಬೇಕು ಬೇಡಗಳನ್ನು ಬಹುಮಟ್ಟಿಗೆ ತಾನೇ ನೋಡಿಕೊಳ್ಳುತ್ತದೆ.

ಕೊಡುವುದು ಸರಿ, ಮೇವಿಗೆ ಬೆರೆಸಿ ಕೊಡುವುದು ಸರಿಯಲ್ಲ. ಹಿತ್ತಲ ಹಿಂಡಿನಲ್ಲಿ ಮೊಟ್ಟೆಯಿಡುವ ಹೇಂಟೆಯ ಜೊತೆಗೇ ಹುಂಜ, ಎಳೆ ಯಾಟೆ, ತಾಯಿಯ ಹಿಂದೆ ಓಡಾಡುವ ಮರಿಗಳೂ ಇರುತ್ತವೆ. ಬಟ್ಟಲು ಮಾತ್ರ ಒಂದೇ. ಮೊಟ್ಟೆ ಕೋಳಿಯ ಆಹಾರದಲ್ಲಿ ಕ್ಯಾಲ್ಸಿಯಂ ಶೇ. 3.5ರಿಂದ 4ರಷ್ಟು ಇರಬೇಕು, ಮರಿಗೆ ಶೇ. 1 ಸಾಕು. ದೊಡ್ಡವರ ಪಾಲು ವಾರಗಟ್ಟಲೆ ಮರಿಯ ಹೊಟ್ಟೆಗೆ ಹೋದರೆ ಮೂತ್ರಪಿಂಡ ಕೆಡುತ್ತದೆ, ಒಳಗಿನ ಅಂಗಗಳ ಮೇಲೆ ಸುಣ್ಣ ಬಳಿದಂತೆ ಯೂರಿಕ್ ಆಮ್ಲದ ಉಪ್ಪು ಕೂರುತ್ತದೆ. ಮರಿ ಬಡವಾಗಿ ಸತ್ತಾಗ ಯಾವುದೋ ರೋಗ ಬಂತು ಅಂದುಕೊಳ್ಳುತ್ತೇವೆ, ಚಮಚದ ನೆನಪು ಯಾರಿಗೂ ಬರುವುದಿಲ್ಲ.

ಇದಕ್ಕೆ ಪರಿಹಾರ ಅಗ್ಗದ್ದು. ಕಪ್ಪೆಚಿಪ್ಪನ್ನು ತರಿತರಿಯಾಗಿ ಕುಟ್ಟಿ, ಇಲ್ಲವೇ ಮನೆಯ ಮೊಟ್ಟೆ ಸಿಪ್ಪೆಯನ್ನೇ ಚೆನ್ನಾಗಿ ಹುರಿದು ತರಿಯಾಗಿ ಪುಡಿ ಮಾಡಿ, ಬೇರೊಂದು ತಟ್ಟೆಯಲ್ಲಿ ಇಡುವುದು. ಬೇಕಾದ ಹೇಂಟೆ ಹೋಗಿ ತಿನ್ನುತ್ತದೆ, ಬೇಡದ ಹುಂಜ ಹೆಚ್ಚು ಮುಟ್ಟುವುದಿಲ್ಲ. ಹೇಂಟೆಗೆ ಕ್ಯಾಲ್ಸಿಯಂ ಹಸಿವು ಹೆಚ್ಚುವುದು ಸಂಜೆಯ ಕಡೆಗೆ, ಚಿಪ್ಪು ಕಟ್ಟುವ ಕೆಲಸ ಬಹುಪಾಲು ನಡೆಯುವುದು ರಾತ್ರಿ. ತರಿ ಕಾಳುಗಳು ಕಲ್ಲುಹೊಟ್ಟೆಯಲ್ಲಿ ಉಳಿದು ನಿಧಾನವಾಗಿ ಕರಗುತ್ತ ಇರುಳೆಲ್ಲ ಒದಗುತ್ತವೆ. ಬೆಳಗಿನ ನುಚ್ಚಿಗೆ ಬೆರೆಸಿದ ನುಣುಪು ಪುಡಿಗೆ ಈ ಗುಣವಿಲ್ಲ.

ನುಣುಪು ಪುಡಿಗೆ ಇನ್ನೊಂದು ತೊಡಕಿದೆ. ಒಣ ಕಾಳಿಗೆ ಬೆರೆಸಿದರೆ ಅದು ತಳಕ್ಕಿಳಿಯುತ್ತದೆ. ಕೋಳಿ ಕೊಕ್ಕಿಗೆ ಸಿಗುವ ಕಾಳನ್ನೇ ಆರಿಸಿ ತಿಂದು ಪುಡಿಯನ್ನು ಬಿಟ್ಟು ನಡೆಯುತ್ತದೆ. ಬೆರೆಸಲೇಬೇಕಾದಾಗ ಪುಡಿಯನ್ನು ಮೊದಲು ಒಂದು ಹಿಡಿ ತೌಡಿನಲ್ಲಿ ಬೆರೆಸಿ, ಅದನ್ನು ಇನ್ನೊಂದು ಸೇರಿಗೆ, ಆಮೇಲೆ ಇಡೀ ಮೇವಿಗೆ ಸೇರಿಸಿ ನೀರು ಚಿಮುಕಿಸಿ ಕಲಸಬೇಕು. ಕಲಸಿದ್ದು ಅಂದೇ ಖಾಲಿಯಾಗಬೇಕು. ನಮ್ಮ ಮಳೆಗಾಲದಲ್ಲಿ ಹಸಿ ಮೇವು ರಾತ್ರಿ ಕಳೆಯುವುದರೊಳಗೆ ಹುಳಿಯುತ್ತದೆ.

ಅಂಗಡಿಯ ಲೇಯರ್ ಫೀಡ್ ತಂದು ಅದಕ್ಕೆ ಅರ್ಧದಷ್ಟು ಅಕ್ಕಿನುಚ್ಚು ಸೇರಿಸಿ, ತೆಳುವಾಯಿತೆಂದು ಮತ್ತೆ ಟಾನಿಕ್ ಹುಯ್ಯುವವರಿದ್ದಾರೆ. ಅಳೆದು ತೂಗಿ ಮಾಡಿದ ಮೇವನ್ನು ನಾವೇ ಕೆಡಿಸಿ ರಿಪೇರಿಗೆ ಎರಡನೇ ಸಲ ದುಡ್ಡು ತೆರುವ ಕೆಲಸ ಇದು.

ಹಿತ್ತಲ ಕೋಳಿಗೆ ನಿಜವಾಗಿ ಕಡಿಮೆ ಬೀಳುವುದು ಹೆಚ್ಚಾಗಿ ಪ್ರೋಟೀನು, ಅದರಲ್ಲೂ ಬೇಸಗೆಯಲ್ಲಿ ನೆಲ ಒಣಗಿ ಹುಳ ಸಿಗದಾಗ. ಮೊಟ್ಟೆ ಕೋಳಿಗೆ ಆಹಾರದಲ್ಲಿ ಶೇ. 16ರಷ್ಟು ಪ್ರೋಟೀನು ಬೇಕು. ಅಕ್ಕಿನುಚ್ಚು, ರಾಗಿಯಲ್ಲಿ ಇರುವುದು ಅದರ ಅರ್ಧ. ಈ ಕೊರತೆಗೆ ಮದ್ದೆಂದು ತೊಟ್ಟಿಯಲ್ಲಿ ಬೆಳೆಸುವ ಅಜೋಲಾ ಎಂಬ ನೀರುಸೊಪ್ಪಿನ ಹೊಗಳಿಕೆ ಅತಿಯಾಗಿದೆ. ಅಜೋಲಾ ಒಳ್ಳೆಯದೇ, ಮೊಟ್ಟೆಯ ಹಳದಿಗೆ ಬಣ್ಣವನ್ನೂ ಕೊಡುತ್ತದೆ. ಆದರೆ ಪ್ರೋಟೀನು ಶೇ. 20ರಿಂದ 30 ಎನ್ನುವುದು ಒಣಗಿಸಿದ ಅಜೋಲಾದ ಲೆಕ್ಕ. ಹಸಿಯದರಲ್ಲಿ ಶೇ. 90ಕ್ಕೂ ಹೆಚ್ಚು ನೀರೇ. ತೊಟ್ಟಿಯಿಂದ ಬಾಚಿದ 100 ಗ್ರಾಂನಲ್ಲಿ ಸಿಗುವ ಪ್ರೋಟೀನು ಒಂದೆರಡು ಗ್ರಾಂ. ಅದನ್ನು ಸೊಪ್ಪು ಎಂದು ಹಾಕಿ, ಹಿಂಡಿಗೆ ಬದಲಿ ಎಂದಲ್ಲ. ಗೆದ್ದಲು ಹಿಡಿದು ಮರಿಗೆ ಹಾಕುವ ಹಳ್ಳಿಯ ರೂಢಿಯನ್ನು ನಾನು ಇದಕ್ಕಿಂತ ಮೇಲಿಡುತ್ತೇನೆ. ಮಡಕೆಯಲ್ಲಿ ಒದ್ದೆ ಹುಲ್ಲು, ಸಗಣಿ ತುಂಬಿ ಹುತ್ತದ ಬಳಿ ಕವುಚಿಟ್ಟರೆ ಗೆದ್ದಲು ತಾನಾಗಿ ಹತ್ತುತ್ತದೆ. ಜೀವಂತ ಪ್ರೋಟೀನು, ಖರ್ಚಿಲ್ಲ, ಮರಿಗಳು ಮುಗಿಬಿದ್ದು ತಿನ್ನುತ್ತವೆ.

ಕಡಲೆಕಾಯಿ ಹಿಂಡಿ ಹಾಕುವವರು ಮೂಗಿನ ಹತ್ತಿರ ಹಿಡಿದು ನೋಡಬೇಕು. ಬೂಷ್ಟು ಹಿಡಿದ ಹಿಂಡಿಯಲ್ಲಿ ಅಫ್ಲಟಾಕ್ಸಿನ್ ಎಂಬ ವಿಷವಿರಬಹುದು, ಅದು ಕೋಳಿಯ ಯಕೃತ್ತನ್ನೇ ತಿನ್ನುತ್ತದೆ. ಬಿಸಿಲಲ್ಲಿ ಒಣಗಿಸಿದರೂ ಬೇಯಿಸಿದರೂ ಪೂರ್ತಿ ಹೋಗದು. ವಾಸನೆ ಬಂದರೆ ಗೊಬ್ಬರದ ಗುಂಡಿಗೆ ಹಾಕಿಬಿಡಿ; ವಾಸನೆ ಇಲ್ಲದ ಮಾತ್ರಕ್ಕೆ ವಿಷವಿಲ್ಲವೆಂದೂ ಅಲ್ಲ, ಹಾಗಾಗಿ ಹೊಸ ಹಿಂಡಿಯನ್ನು ಸ್ವಲ್ಪ ಸ್ವಲ್ಪವೇ ತರುವುದು ಮೇಲು. ಕರಾವಳಿಯವರು ಒಣಮೀನಿನ ಚೂರು ಹಾಕುವಾಗ ಉಪ್ಪಿನ ಮೀನನ್ನು ದೂರವಿಡಬೇಕು, ಕೋಳಿ ಉಪ್ಪು ತಾಳುವುದಿಲ್ಲ.

ಔಷಧಿಯನ್ನೂ ಪೌಷ್ಟಿಕದ ಹೆಸರಿನಲ್ಲಿ ಬೆರೆಸುವುದು ನನಗೆ ಎಲ್ಲಕ್ಕಿಂತ ಹೆಚ್ಚು ಕಳವಳದ ಸಂಗತಿ. ಅರಿಸಿನ, ಬೆಳ್ಳುಳ್ಳಿ ಎಷ್ಟೇ ಹಾಕಿದರೂ ಕೊಕ್ಕರೆ ರೋಗ ನಿಲ್ಲುವುದಿಲ್ಲ. ಅದಕ್ಕೆ ಇರುವುದು ಲಸಿಕೆಯೊಂದೇ, ಮರಿಗೆ ಮೊದಲ ವಾರದಲ್ಲೇ ಶುರು ಮಾಡಬೇಕಾದದ್ದು. ಮನೆಯಲ್ಲಿ ಉಳಿದ ಆಂಟಿಬಯಾಟಿಕ್ ಮಾತ್ರೆ ಅರೆದು ಹಾಕುವುದಂತೂ ಕೂಡದು. ಮನುಷ್ಯರಿಗೆ ಕೊನೆಯ ಆಸರೆಯಾದ ಕೊಲಿಸ್ಟಿನ್ ಅನ್ನು ಕೋಳಿ ಮೇವಿನಲ್ಲಿ ಬಳಸುತ್ತಿದ್ದುದನ್ನು ಕೇಂದ್ರ ಸರ್ಕಾರ 2019ರಲ್ಲಿ ನಿಷೇಧಿಸಿತು. ಹಿತ್ತಲ ಮೊಟ್ಟೆಯನ್ನು ನಾವು ಬಾಣಂತಿಗೆ, ಎಳೆ ಮಕ್ಕಳಿಗೆ ಎಂದು ಆರಿಸಿ ಕೊಡುತ್ತೇವಲ್ಲ, ಆ ಕಾರಣಕ್ಕಾದರೂ ಮಾರುವ ಪ್ರತಿ ಡಬ್ಬಿಯ ಮೇಲೆ ಅದರೊಳಗೆ ಏನಿದೆ, ಯಾವ ವಯಸ್ಸಿನ ಕೋಳಿಗೆ, ಎಷ್ಟು, ಎಷ್ಟು ದಿನ ಎಂಬುದು ಕನ್ನಡದಲ್ಲಿ, ಓದಲು ಬರುವಷ್ಟು ದೊಡ್ಡ ಅಕ್ಷರದಲ್ಲಿ ಇರಬೇಕು.