ಆರ್ಕೋ ದೀಪದ ಶಿಲ್ಪವಿವೇಕ

ಮಿಲಾನ್ ನಗರದ ಕಾಸ್ಟಿಲ್ಯೋನಿ ಸಹೋದರರಾದ ಪಿಯೆರ್ ಜಾಕೊಮೊ ಮತ್ತು ಅಕಿಲ್ಲೆ ಇರ್ವರೂ 1962ರಲ್ಲಿ ಫ್ಲೋಸ್ ಸಂಸ್ಥೆಗಾಗಿ ರೂಪಿಸಿಕೊಟ್ಟ ‘ಆರ್ಕೋ’ ದೀಪವನ್ನು ಸಿರಿವಂತರ ಗೃಹಾಲಂಕಾರವೆಂದಷ್ಟೇ ಕೊಂಡಾಡುವವರು ಅದರ ನಿಜವಾದ ಹಿರಿಮೆಯನ್ನು ಅರಿತವರಲ್ಲವೆಂದು ನನ್ನ ದೃಢವಾದ ಅಭಿಪ್ರಾಯ. ಊಟದ ಮೇಜಿನ ಮೇಲೆ ಬೆಳಕು ನೇರವಾಗಿ ಬೀಳಬೇಕು; ಆದರೆ ಅದಕ್ಕೋಸುಗ ಚಾವಣಿಯನ್ನು ಕೊರೆದು ದೀಪವನ್ನು ತೂಗುಹಾಕಿ, ಮೇಜನ್ನು ಶಾಶ್ವತವಾಗಿ ಅದರಡಿಗೆ ಕಟ್ಟಿಹಾಕಬಾರದು: ಇದು ಅವರ ಮುಂದಿದ್ದ ಸಮಸ್ಯೆ. ರಸ್ತೆಯ ಅಂಚಿನಲ್ಲಿ ನಿಂತು ನಡುಬೀದಿಗೆ ಬಾಗಿ ಬೆಳಗುವ ದೀಪದ ಕಂಬದಲ್ಲಿ ಅವರಿಗೆ ಪರಿಹಾರ ಗೋಚರಿಸಿತು.

ದೀಪದ ತಲೆ ಬುಡದಿಂದ ಸುಮಾರು ಎರಡು ಮೀಟರು ದೂರಕ್ಕೆ ಚಾಚಿಕೊಂಡಿರುವುದರಿಂದ, ಉಣ್ಣುವವರ ಬೆನ್ನ ಹಿಂದೆ ಬಡಿಸುವವರು ತಟ್ಟೆ ಹಿಡಿದು ನಿರಾತಂಕವಾಗಿ ಸುಳಿದಾಡಬಹುದು. ಒಂದರೊಳಗೊಂದು ಜಾರುವ ಮೂರು ಭಾಗಗಳ ಆ ಉಕ್ಕಿನ ಕಮಾನು ಮಗುಚಿಕೊಳ್ಳದಂತೆ ತಡೆಹಿಡಿಯುವುದು ಸುಮಾರು 65 ಕಿಲೋಗ್ರಾಂ ತೂಕದ, ಕರಾರಾ ಪ್ರದೇಶದ ಬಿಳಿಯ ಅಮೃತಶಿಲೆ. ಅಮೃತಶಿಲೆಯೆಂದೊಡನೆ ವೈಭವವನ್ನು ನೆನೆಯುವ ನಮ್ಮ ಕಣ್ಣಿಗೆ ಮೊದಲು ಹೊಳೆಯದಿದ್ದರೂ, ಇಲ್ಲಿ ಅದಕ್ಕೆ ಒಪ್ಪಿಸಿದ ಕೆಲಸ ಭಾರವಾಗಿರುವುದೊಂದೇ. ತಗುಲಿದವರಿಗೆ ನೋವಾಗದಿರಲೆಂದು ಅದರ ಮೂಲೆಗಳನ್ನು ಮುರಿದು ನಯಗೊಳಿಸಿದ್ದಾರೆ. ನಡುವೆ ಒಂದು ದುಂಡನೆಯ ರಂಧ್ರವನ್ನು ಕೊರೆದಿದ್ದಾರೆ. ಪೊರಕೆಯ ಕೋಲೊಂದನ್ನು ಅದರೊಳಗೆ ತೂರಿಸಿದರೆ ಇಬ್ಬರು ಸೇರಿ ಕಲ್ಲನ್ನೆತ್ತಿ ಬೇರೆಡೆಗೆ ಒಯ್ಯಬಹುದು. ದುಬಾರಿ ಶಿಲೆಯನ್ನು ಕೆತ್ತುವಾಗಲೂ ಪೊರಕೆಯ ಕೋಲನ್ನು ಮರೆಯದ ಈ ವಿವೇಕವೇ, ನನ್ನ ಮಟ್ಟಿಗೆ, ಆ ಕೃತಿಯ ಜೀವಾಳ.

ಆದರೂ ಆಕ್ಷೇಪಕ್ಕೆ ಎಡೆಯಿಲ್ಲದಿಲ್ಲ. ಎಲ್ಲಿಗೆ ಬೇಕಾದರೂ ಸಾಗಿಸಬಹುದೆಂಬ ಮಾತು ಇಬ್ಬರ ತೋಳ್ಬಲವನ್ನೂ ವಿಶಾಲವಾದ ಕೋಣೆಯನ್ನೂ ಅವಲಂಬಿಸಿದೆ. ಚಿಕ್ಕ ಮನೆಯಲ್ಲಿ ಈ ಕಮಾನು ಉಸಿರುಕಟ್ಟಿಸುತ್ತದೆ. ಅದೇ ವರ್ಷ ಅವರೇ ರಚಿಸಿದ ‘ಟೋಯೊ’ ದೀಪವನ್ನು ಇದರೊಡನೆ ಹೋಲಿಸಿ ನೋಡಬೇಕು. ಮೋಟಾರು ವಾಹನದ ಮುಂದೀಪವೇ ಅದರ ತಲೆ. ಬುಡದಲ್ಲಿರುವ ಟ್ರಾನ್ಸ್‌ಫಾರ್ಮರೇ ಅದನ್ನು ನಿಲ್ಲಿಸುವ ಭಾರ. ತಂತಿಯನ್ನು ಹಿಡಿದಿಡುವುವು ಗಾಳದ ಕೋಲಿನ ಉಂಗುರಗಳು. ಅಲ್ಲಿ ಆಡಂಬರಕ್ಕೆ ಒಲಿಯುವ ವಸ್ತು ಒಂದೂ ಇಲ್ಲವಾದುದರಿಂದ ತರ್ಕ ಬರಿಗಣ್ಣಿಗೇ ಕಾಣುತ್ತದೆ. ಆರ್ಕೋದಲ್ಲಾದರೋ ಶಿಲೆಯ ಕಾಂತಿ ಆ ತರ್ಕವನ್ನು ಮರೆಮಾಡಿ, ದೀಪವನ್ನು ಪ್ರತಿಷ್ಠೆಯ ಗುರುತಾಗಿಸಿಕೊಳ್ಳಲು ಕೊಳ್ಳುವವರಿಗೆ ಆಸ್ಪದವಿತ್ತಿದೆ.

ನಿಷ್ಠುರತೆಯಲ್ಲಿ ಟೋಯೊ ಮೇಲು, ಪರಿಪೂರ್ಣತೆಯಲ್ಲಿ ಆರ್ಕೋ. ಅದನ್ನು ಮನೆಗೆ ತಂದವರಲ್ಲಿ ನನ್ನದೊಂದೇ ಬಿನ್ನಹ: ಬರಿಯ ಮೂಲೆಯಲ್ಲಿ ನಿಲ್ಲಿಸದೆ, ಅದರ ಬೆಳಕಿನಡಿ ಒಂದು ಊಟದ ಮೇಜನ್ನಿಡಿ.